ಚನ್ನಮ್ಮನ ಮುಂದಿನ ಹಲ್ಲು

ಚಹಾದ ಮೊದಲ ಗುಟುಕಿಗೇ ಕೈನಾತಳಿಗೆ ಚನ್ನಮ್ಮನ ಹಲ್ಲು ಬಿದ್ದುಹೋಗುತ್ತದೆ ಎಂಬುದು ಖಾತ್ರಿಯಾಯಿತು. ಮಗಳಿಗೆ ನೆಗಡಿಯೆಂದು ಅಮ್ಮಿ ಚಹಾಕ್ಕೆ ಲವಂಗ ಜಜ್ಜಿ ಹಾಕಿದ್ದಳು, ಅಷ್ಟೇ. ಆದರೆ ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಸೋಮವಾರ ಮಧ್ಯಾಹ್ನ ತನ್ನ ಹಲ್ಲಿನ ದವಾಖಾನೆಯಲ್ಲಿ ತಾನು ಮಾಡಿದ್ದೆಲ್ಲ ಕಣ್ಣೆದುರು ಬಂದು ನಿಂತಿತು. ಮುರಿದ ಮುಂದಿನ ಹಲ್ಲಿನ ಬೇರಿನಿಂದ ಸತ್ತ ನರ ತೆಗೆದದ್ದು, ಕೂದಲೆಳೆಯಷ್ಟು ಸಣ್ಣ ಆ ಕೊಳವೆಯನ್ನು ತುಂಬಿದ್ದು, ತುಂಬಿದ್ದು ಸೋರದಿರಲೆಂದು ಲವಂಗದೆಣ್ಣೆಯಲ್ಲಿ ಕಲಸಿದ ಬಿಳಿ ಲೇಪ ಹಚ್ಚಿದ್ದು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಹುಡುಗಿಯನ್ನು ಕುರ್ಚಿಯಿಂದ ಏಳಿಸದೆಯೇ ಅದೇ ಬೇರಿನೊಳಕ್ಕೆ ಫೈಬರ್ ಕಡ್ಡಿಯೊಂದನ್ನು ರೆಸಿನ್ ಅಂಟಿನಿಂದ ಕೂಡಿಸಿ, ಅದರ ಮೇಲೆ ಹೊಸ ಹಲ್ಲು ಕಟ್ಟಿದ್ದಳಲ್ಲ, ಅದು ತಪ್ಪು. ಲವಂಗದೆಣ್ಣೆ ಇದ್ದಲ್ಲಿ ರೆಸಿನ್ ಪೂರಾ ಗಟ್ಟಿಯಾಗುವುದಿಲ್ಲ. ಡೆಂಟಲ್ ಕಾಲೇಜಿನ ಮೂರನೆಯ ವರ್ಷದ ಹುಡುಗರಿಗೂ ಗೊತ್ತಿರುವ ಮಾತು. ಧಾರವಾಡದಲ್ಲಿ ಪಾಠ ಹೇಳಿದ ಮೇಷ್ಟರು, "ಲವಂಗಕ್ಕೂ ರೆಸಿನ್ನಿಗೂ ಬೀಗತನ ಮಾಡಿಸಬೇಡಿ, ಒಂದೇ ಮನೆಯಲ್ಲಿ ಬಾಳುವೆ ಮಾಡೋದಿಲ್ಲ" ಅಂದಾಗ ಇಡೀ ತರಗತಿ ನಕ್ಕಿತ್ತು. ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ.

"ಏನಾತ ಬೇಟಿ? ಚಾ ಛಲೋ ಆಗಿಲ್ಲೇನು?" ಎಂದಳು ತಾಯಿ ದಿಲಶಾದಬಿ.

"ಚಾ ಛಲೋ ಐತಿ ಅಮ್ಮಿ. ಹಲ್ಲ ಛಲೋ ಇಲ್ಲ."

"ಯಾರ ಹಲ್ಲು?"

"ಚನ್ನಮ್ಮಂದು. ನಾ ಮಲ್ಲಸಮುದ್ರಕ್ಕ ಹೋಗ್ತೀನಿ."

"ಮದಿವಿಗೇನು? ನಿನ್ನೆ ಕೇಳಿದ್ರ ನೆಗಡಿ, ವಲ್ಲೆ ಅಂದಿ!"

ಮದುವೆ ಇವತ್ತೇ. ಲಕ್ಷ್ಮೇಶ್ವರದ ಹುಡುಗಿಯನ್ನು ಗದಗಿನ ಪಕ್ಕದ ಮಲ್ಲಸಮುದ್ರಕ್ಕೆ ಕೊಟ್ಟಿದ್ದರು. ಮದುವೆ ಗಂಡಿನ ಮನೆಯಲ್ಲಿ. ಅಕ್ಷತೆ ಬಿದ್ದು ಊಟವಾದ ಮೇಲೆ ಆ ಕಡೆಯವರಲ್ಲಿ ಒಂದು ಆಟ ಉಂಟು. ವೀಳ್ಯದೆಲೆಯ ಸುರುಳಿಯೊಂದನ್ನು ಮದುಮಗಳು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿಯಬೇಕು. ಮದುಮಗ ಕೈ ಹಿಂದೆ ಕಟ್ಟಿಕೊಂಡು ಬಂದು ಆಚೆಯ ತುದಿಗೆ ಬಾಯಿ ಹಾಕಿ ಜಗ್ಗಬೇಕು. ಯಾರ ಪಾಲಿಗೆ ದೊಡ್ಡ ತುಂಡು ಬರುತ್ತದೋ ಮನೆಯಲ್ಲಿ ಅವರದೇ ಮಾತು ನಡೆಯುತ್ತದೆ ಎಂದು ಲೆಕ್ಕ. ಸೋಮವಾರ ಚನ್ನಮ್ಮನ ಅಜ್ಜಿ ಹುಚ್ಚವ್ವ ಇದನ್ನೆಲ್ಲ ವಿವರವಾಗಿ ಹೇಳಿ, "ನಮ್ಮ ಹುಡುಗಿ ಸೋಲಬಾರದವ್ವ, ಗಟ್ಟಿ ನಿಂದರ್ತೈತಿಲ್ಲೊ?" ಎಂದು ಕೇಳಿದ್ದಳು. ಕೈನಾತ ಕೈಗವಸು ಬಿಚ್ಚುತ್ತ, "ಸಾಯೂತನಕ ಅಲುಗಂಗಿಲ್ಲ ಅಜ್ಜಿ" ಅಂದಿದ್ದಳು. ಹಾಗೆ ಅನ್ನು ಎಂದು ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ನಾಲಿಗೆಗೆ ಹುರುಪು ಬಂದಿತ್ತು.

ಮೊದಲು ಫೋನು ಹಚ್ಚಿ ನೋಡಿದಳು. ಹುಚ್ಚವ್ವನ ಮನೆಯವರ ಮೊಬೈಲನ್ನು ಮದುವೆಮನೆಯಲ್ಲಿ ಯಾರೋ ಗಂಡಸು ಎತ್ತಿದ. ಹಿಂದೆ ಬ್ಯಾಂಡಿನವರು ಕಿವಿ ಹರಿಯುವಂತೆ ಬಾರಿಸುತ್ತಿದ್ದರು. "ಚನ್ನಮ್ಮಗ ಕೊಡ್ರಿ, ಜಲ್ದಿ ಮಾತಾಡ್ಬೇಕು" ಎಂದು ಇವಳು, "ಹಲೋ, ಅಡಿಗಿ ಸಾಮಾನಿನವ್ರೇನು? ಇನ್ನೂ ಎರಡ ಚೀಲ ಉಳ್ಳಾಗಡ್ಡಿ ಬೇಕ ನೋಡ್ರಿ" ಎಂದು ಅವನು. ಎರಡು ಸಲ ಹೀಗಾಯಿತು. ಮೂರನೆಯ ಸಲ ಅವನು, "ಉಳ್ಳಾಗಡ್ಡಿ ತರಾಕ ಆಗದಿದ್ರ ಮೊದಲ ಹೇಳ್ಬೇಕಲ್ರಿ" ಎಂದು ಬೈದು ಫೋನಿಟ್ಟ. ಇವಳು ದವಾಖಾನೆಗೆ ಓಡಿ ಬ್ಯಾಟರಿಯಿಂದ ಉರಿಯುವ ನೀಲಿ ಬೆಳಕಿನ ದೀಪ, ಅಂಟಿನ ಟ್ಯೂಬು, ಸ್ಪಿರಿಟ್ ಬಾಟಲಿ, ಹತ್ತಿ, ನಾಲ್ಕು ಸಣ್ಣ ಅರಗಳನ್ನು ಚೀಲಕ್ಕೆ ತುಂಬಿಕೊಂಡಳು. ಆಟಕ್ಕೆ ಮೊದಲೇ ಹುಡುಗಿಯನ್ನು ಒಂದು ಕೋಣೆಗೆ ಕರೆದು ಸದ್ದಿಲ್ಲದೆ ಸರಿಮಾಡಿ ಬಂದರಾಯಿತು. ಬಾಗಿಲ ಮೇಲೆ ಹಳೆಯ ಡಾಕ್ಟರ್ ವಿರೂಪಾಕ್ಷಪ್ಪನವರ ಬೋರ್ಡು ಇನ್ನೂ ತೂಗುತ್ತಿತ್ತು. ಗದಗ ಜಿಲ್ಲೆಯಾಗಿ ಇಷ್ಟು ದಿನವಾದರೂ ಅದರ ಮೇಲೆ ತಾಲೂಕು ಶಿರಹಟ್ಟಿ, ಜಿಲ್ಲೆ ಧಾರವಾಡ ಎಂದೇ ಇತ್ತು. ಅದನ್ನು ತೆಗೆಸಲು ಅವಳಿಗೆ ಧೈರ್ಯ ಸಾಲದು, ಮಂದಿ ಆ ಬೋರ್ಡು ನೋಡಿಯೇ ಒಳಗೆ ಬರುತ್ತಾರೆ.

ಶಿರಹಟ್ಟಿ ಮೇಲೆ ಗದಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊರಗೆ ಶೇಂಗಾ ಹೊಲಗಳು ಹಸಿರಾಗಿ ಹಾಯುತ್ತಿದ್ದವು, ಒಳಗೆ ಎಲ್ಲರೂ ಬಾಯಾಡಿಸುತ್ತಿದ್ದರು. ತಪ್ಪು ಮಾಡಿದ ಹಲ್ಲಿನ ಡಾಕ್ಟರಿಗೆ ಬಸ್ಸಿಗಿಂತ ದೊಡ್ಡ ಶಿಕ್ಷೆ ಇಲ್ಲ. ಎದುರಿನ ಮುದುಕ ಹುರಿಗಡಲೆಯನ್ನು ಒಸಡಿನಲ್ಲೇ ಅರೆಯುತ್ತಿದ್ದ, ಹಿಂದಿನ ಸೀಟಿನ ಹೆಂಗಸು ಪೇರಲಕಾಯಿಯನ್ನು ಕಟಕ್ಕೆಂದು ಕಚ್ಚಿದಾಗ ಇವಳ ಬೆನ್ನು ನೆಟ್ಟಗಾಯಿತು. ಎರಡು ವರ್ಷದ ಹಿಂದೆ ವಿರೂಪಾಕ್ಷಪ್ಪನವರ ಜಾಗ, ಕುರ್ಚಿ ಎಲ್ಲ ಕೊಂಡು ದವಾಖಾನೆ ತೆರೆದಾಗ, ಮೊದಲ ತಿಂಗಳು ಬಂದವರೆಲ್ಲ ಹೊಸ್ತಿಲಲ್ಲಿ ನಿಂತು ಮೂಗು ಎತ್ತಿ ಮೂಸಿ ನೋಡುತ್ತಿದ್ದರು. ವಿರೂಪಾಕ್ಷಪ್ಪನವರ ಕಾಲದಲ್ಲಿ ಆ ಓಣಿಗೆ ಓಣಿಯೇ ಲವಂಗದೆಣ್ಣೆ ನಾರುತ್ತಿತ್ತಂತೆ. "ದವಾಖಾನಿ ವಾಸನಿನ ಇಲ್ಲಲ್ಲವ್ವ ಇಲ್ಲಿ, ನೀ ಖರೇನ ಡಾಕ್ಟರೇನು?" ಎಂದು ಕೇಳಿ, ಊದಿದ ಗಲ್ಲ ಹಿಡಿದುಕೊಂಡೇ ತಿರುಗಿ ಹೋದವನೊಬ್ಬನಿದ್ದ. ಅವನ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಇವಳು ಬಾಗಿಲಲ್ಲಿ ನಿಂತಿದ್ದಳು. ಮರುದಿನ ಯಾರಿಗೂ ಕಾಣದಂತೆ ಬಾಗಿಲ ಹಿಂದೆ ಲವಂಗದೆಣ್ಣೆಯ ಬಟ್ಟಲು ತೆರೆದಿಟ್ಟಳು. ಅಲ್ಲಿಂದ ಮಂದಿ ಒಳಗೆ ಬಂದರು. ತನ್ನ ಐದು ವರ್ಷದ ಓದಿಗಿಂತ ಒಂದು ಬಟ್ಟಲು ಎಣ್ಣೆಗೆ ಹೆಚ್ಚು ಮರ್ಯಾದೆ ಸಿಕ್ಕಿತಲ್ಲ ಎಂದು ಆಗ ಅಳು ಬಂದಿತ್ತು. ಆಮೇಲೆ ರೂಢಿಯಾಯಿತು. ಸೋಮವಾರ ಹುಚ್ಚವ್ವ ಸ್ಟೂಲಿನ ಮೇಲೆ ಕೂತು, "ಆ ಘಮಾ ಅನ್ನೂದ ಹಾಕವ್ವ. ವಾಸನಿ ಇಲ್ಲದ್ದು ನನಗ ನಂಬಿಕಿ ಇಲ್ಲ" ಅಂದಾಗ ಕಪಾಟಿನಲ್ಲಿ ಎರಡೂ ಬಗೆಯ ಲೇಪ ಇದ್ದವು. ರೆಸಿನ್ನಿಗೆ ಒಗ್ಗುವ, ವಾಸನೆಯಿಲ್ಲದ ಲೇಪ ಎಡಕ್ಕೆ, ಲವಂಗದ್ದು ಬಲಕ್ಕೆ. ಕೈ ಬಲಕ್ಕೇ ಹೋಯಿತು. ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ಕೈಯಲ್ಲೇ ಕೂತುಬಿಟ್ಟಿದ್ದರೆ ತಲೆ ಏನು ಮಾಡೀತು?

ಶಿರಹಟ್ಟಿ ದಾಟುವ ಹೊತ್ತಿಗೆ ಅವಳು ಮನಸ್ಸಿನಲ್ಲೇ ಇಡೀ ಲಕ್ಷ್ಮೇಶ್ವರದ ಬಾಯಿಗೆ ಬಿದ್ದಾಗಿತ್ತು. ಕಿರಾಣಿ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ತಂದೆಯ ಕಾಳಿನ ಅಡತಿ ಅಂಗಡಿಯಲ್ಲಿ ಎಲ್ಲರೂ ಒಂದೇ ಮಾತು: ಸಾಬರ ಡಾಕ್ಟರವ್ವ ಕಟ್ಟಿದ ಹಲ್ಲು ಮದಿವ್ಯಾಗ ಉದುರಿತಂತ. ಅಪ್ಪ ತೂಕ ಮಾಡುತ್ತ ತಲೆ ತಗ್ಗಿಸಿದ್ದನ್ನೂ ಕಂಡಳು. ಹೀಗೆ ಕಂಡಿದ್ದಕ್ಕೆ ಕಣ್ಣಲ್ಲಿ ನೀರು ಬರುವುದರಲ್ಲಿತ್ತು, ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಅವಳನ್ನು ಚುಚ್ಚಿತು. ಇಲ್ಲಿಯವರೆಗೆ ತಾನು ಒಂದು ಸಲವಾದರೂ ಆ ಹುಡುಗಿಯನ್ನು ನೆನೆದಳೇ? ತನ್ನ ಹೆಸರು, ತನ್ನ ಬೋರ್ಡು, ತನ್ನ ಅಪ್ಪ. ಸಣ್ಣವಳಿದ್ದಾಗ ಬಾವಿಯ ರಾಟೆ ಬಡಿದು ಹಲ್ಲು ಮುರಿದುಕೊಂಡ ಚನ್ನಮ್ಮ ಅಲ್ಲಿಂದ ಇಲ್ಲಿಯವರೆಗೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕವಳಲ್ಲ. ಗಂಡಿನವರು ನೋಡಲು ಬಂದಾಗಲೂ ಸೆರಗಿನ ಮರೆಯಲ್ಲೇ ನಕ್ಕು ಪಾರಾಗಿದ್ದಳು. ಅದಕ್ಕೇ ಹುಚ್ಚವ್ವನಿಗೆ ಮದುವೆಗೆ ಮೊದಲು, ಯಾರಿಗೂ ಗೊತ್ತಾಗದಂತೆ ಈ ಹಲ್ಲು ಆಗಬೇಕಿತ್ತು. ಸೋಮವಾರ ಕೈಗೆ ಕನ್ನಡಿ ಕೊಟ್ಟಾಗ ಹುಡುಗಿ ಎಷ್ಟೋ ಹೊತ್ತು ನೋಡಿ, ಕೊನೆಗೆ ನಗಲೇ ಎಂದು ಡಾಕ್ಟರನ್ನೇ ಕೇಳಿದ್ದಳು. ಆ ನಗುವನ್ನು ನಂಬಿ ಅವಳು ಇವತ್ತು ನೂರಾರು ಮಂದಿಯ ನಡುವೆ ಕೂತಿದ್ದಾಳೆ. ಕೈನಾತಳಿಗೆ ತನ್ನ ಮೇಲೆಯೇ ಸಿಟ್ಟು ಬಂದು ಚೀಲವನ್ನು ಎದೆಗೆ ಅವುಚಿಕೊಂಡಳು. ಪಕ್ಕದವಳು ಏನು ತಿಳಿದಳೋ, ಕಾಲು ಮಡಚಿ ದೂರ ಸರಿದು ಕೂತಳು.

ಮಲ್ಲಸಮುದ್ರದ ಮದುವೆಮನೆಗೆ ಬಂದಾಗ ಅಕ್ಷತೆ ಬಿದ್ದಾಗಿತ್ತು, ಊಟದ ಪಂಕ್ತಿ ನಡೆದಿತ್ತು. ಹುಚ್ಚವ್ವ ಇವಳನ್ನು ಕಂಡು ಕೂಗಿಯೇ ಬಿಟ್ಟಳು. "ಅಯ್ಯ ನಮ್ಮವ್ವ, ಬಂದ್ಯಾ! ಬರ್ರಿ ಬರ್ರಿ, ಕುಂಡ್ರಿ, ಮೊದಲ ಉಣ್ರಿ!" ಎಂದು ರಟ್ಟೆ ಹಿಡಿದು ಪಂಕ್ತಿಯಲ್ಲಿ ಕೂಡಿಸಿದಳು. "ಅಜ್ಜಿ, ಚನ್ನಮ್ಮನ ಕೂಡ ಒಂದ ಮಾತ..." ಎನ್ನುವಷ್ಟರಲ್ಲಿ ಎಲೆಯ ಮೇಲೆ ಹೋಳಿಗೆ ಬಿತ್ತು. "ಆಟಕ್ಕಿಂತ ಮೊದಲ ಆಕಿನ್ನ..." ಎನ್ನುವಷ್ಟರಲ್ಲಿ ಹೋಳಿಗೆಯ ಮೇಲೆ ತುಪ್ಪ. ಬೇಡವೆಂದಷ್ಟೂ ಬಡಿಸುವ ಮಂದಿ, ನಾಚಿಕೆಯ ಹೆಣ್ಣೆಂದು ಇನ್ನೊಂದು ಹೋಳಿಗೆ ಹಾಕಿದರು. ಇಷ್ಟು ದೊಡ್ಡ ಆತಂಕದಲ್ಲೂ ಹೋಳಿಗೆ ರುಚಿಯಾಗಿತ್ತು ಎಂಬುದು ಅವಳಿಗೆ ಬಹಳ ಅವಮಾನವೆನಿಸಿತು.

ಕೈ ತೊಳೆದವಳೇ ಕೋಣೆಗೆ ನುಗ್ಗಿದಳು. ಚನ್ನಮ್ಮನಿಗೆ ಯಾರೋ ಮುಡಿಗೆ ಹೂ ಸರಿಮಾಡುತ್ತಿದ್ದರು. ಹೂವಿನವಳು ಸೂಜಿ ತರಲು ಹೊರಗೆ ಹೋದಳು. ಇಬ್ಬರೇ ಉಳಿದರು. ದೇವರು ಕೊಟ್ಟಂಥ ಗಳಿಗೆ.

"ಚನ್ನವ್ವ, ಹಲ್ಲ ಹೆಂಗೈತಿ?"

"ಭಾಳ ಛಂದ ಐತ್ರಿ ಡಾಕ್ಟರವ್ವ. ಮುಂಜಾನಿಂದ ಬಾಯಿ ಮುಚ್ಚಿಲ್ಲ ನೋಡ್ರಿ ನಾ. ಫೋಟೋದವ್ರ ನಕ್ಕೋತ ನಿಂದರ್ರಿ ಅಂದ್ರು, ನಿಂತೆ. ಕಡೀಕ ಅವರ ಸಾಕ್ರಿ ಅಂದ್ರು." ಹಾಗೆ ಹೇಳುತ್ತಲೇ ನಕ್ಕಳು. ಹಲ್ಲು ನಿಜಕ್ಕೂ ಚೆನ್ನಾಗಿ ಕೂತಿತ್ತು. ತನ್ನ ಕೈಕೆಲಸ ನೋಡಿ ಡಾಕ್ಟರಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಈ ಮುಖಕ್ಕೆ ಏನೆಂದು ಹೇಳಬೇಕು? ಅದು ಗಟ್ಟಿಯಿಲ್ಲ, ಬಾಯಿ ತೆರೆ, ಈಗ ಕಿತ್ತು ಮತ್ತೆ ಕೂಡಿಸುತ್ತೇನೆ ಎಂದೇ? ಹೇಳಲೇಬೇಕು. ಹೇಳಲು ಬಾಯಿ ತೆರೆದಳು. "ಸೀರಿ ಛಲೋ ಒಪ್ಪೈತಿ" ಎಂದಳು. ಅಷ್ಟರಲ್ಲಿ ಸೂಜಿ ಬಂತು, ಸೂಜಿಯ ಹಿಂದೆ ಹೆಂಗಸರ ಹಿಂಡೇ ಬಂದು ಚನ್ನಮ್ಮನನ್ನು ಎಬ್ಬಿಸಿಕೊಂಡು ಹೋಯಿತು.

ಹಂದರದ ನಡುವೆ ಜಮಖಾನ ಹಾಸಿದ್ದರು. ಮದುಮಗನ ಸೋದರತ್ತೆ ಹನಮಂತವ್ವ ಆಟದ ಯಜಮಾನಿಕೆ ವಹಿಸಿದ್ದಳು, ಗಂಟಲೂ ಅದಕ್ಕೆ ತಕ್ಕದ್ದೇ. ಎಲೆಗಳನ್ನು ಬಿಗಿಯಾಗಿ ಸುತ್ತಿ, ಬಿಚ್ಚದಂತೆ ಲವಂಗ ಚುಚ್ಚಿದ ಸುರುಳಿಯನ್ನು ಅವಳು ಎತ್ತಿ ತೋರಿಸಿದಾಗ ಕೈನಾತಳಿಗೆ, ಇದು ತನ್ನನ್ನು ಅಟ್ಟಿಸಿಕೊಂಡೇ ಬಂದಿದೆ ಅನ್ನಿಸಿತು. ಮದುಮಗ ಹೊನ್ನೇಶ ಉದ್ದನೆಯ ಸಂಭಾವಿತ ಹುಡುಗ, ಕೈ ಹಿಂದೆ ಕಟ್ಟಿ ಮೊಣಕಾಲೂರಿ ಕೂತ. ಚನ್ನಮ್ಮ ಸುರುಳಿಯನ್ನು ಹಲ್ಲಿನಲ್ಲಿ ಹಿಡಿದಳು, ಹಿಡಿದದ್ದು ಸರಿಯಾಗಿ ಆ ಹಲ್ಲಿನಲ್ಲೇ. ಕಚ್ಚಬೇಡ ಎಂದು ಕೂಗು, ಎಂದು ಕೈನಾತ ತನಗೆ ತಾನೇ ಹೇಳಿಕೊಂಡಳು. ಕೂಗಿದರೆ ಆ ಹಲ್ಲು ಕಟ್ಟಿದ್ದೆಂದು ಊರಿಗೆಲ್ಲ ಗೊತ್ತಾಗುತ್ತದೆ. ಕೂಗದಿದ್ದರೆ ಎಲ್ಲರೆದುರು ಉದುರುತ್ತದೆ. ಹೊನ್ನೇಶ ಮುಂದಕ್ಕೆ ಬಾಗಿದ, ಕಚ್ಚಿದ, ಜಗ್ಗಿದ. ಚನ್ನಮ್ಮನೂ ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದಳು. ಹೆಂಗಸರು ಹೋ ಎಂದರು. ಸುರುಳಿ ಇಡಿಯಾಗಿ ಹೊನ್ನೇಶನ ಬಾಯಿಗೆ ಹೋಯಿತು. ಹಲ್ಲೂ ಅದರ ಜೊತೆಗೇ ಹೋಯಿತು, ಕಡ್ಡಿ ಸಮೇತ.

ಮೊದಲು ಯಾರಿಗೂ ತಿಳಿಯಲಿಲ್ಲ. ಗೆದ್ದ ಹುಡುಗ ಅಗಿಯಲು ಹೋಗಿ, ಮುಖ ಕಿವುಚಿ, ಬಾಯಿಗೆ ಬೆರಳು ಹಾಕಿ ಅದನ್ನು ಹೊರತೆಗೆದು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಚನ್ನಮ್ಮನ ಬಾಯಿ ನೋಡಿದ. ಹುಚ್ಚವ್ವ ಕೂತಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೈನಾತಳಿಗೆ ತಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಜಮಖಾನದ ತನಕ ಹೋಗಿದ್ದಳು. ಹೊನ್ನೇಶ ಅವಳನ್ನೂ ಅವಳ ಚೀಲದಿಂದ ಇಣುಕುತ್ತಿದ್ದ ಹತ್ತಿಯನ್ನೂ ನೋಡಿದ, ಏನೋ ಹೊಳೆದಂತಾಗಿ ಹಲ್ಲನ್ನು ಒಂದು ಎಲೆಯ ಮೇಲಿಟ್ಟು, ಎರಡೂ ಕೈಯಿಂದ ಮರ್ಯಾದೆಯಾಗಿ ಮುಂದೆ ಹಿಡಿದ.

"ಡಾಕ್ಟರವ್ವ, ನಿಮ್ಮ ಸಾಮಾನ ತಗೋರಿ."

ಮೊದಲು ನಕ್ಕವಳು ಚನ್ನಮ್ಮ. ಹಲ್ಲಿಲ್ಲದ ಬಾಯಿ ಪೂರಾ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದು ಕಂಡು ಹಂದರವೇ ನಕ್ಕಿತು.

ಹನಮಂತವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟಳು. "ನಗೂದ ಆಮ್ಯಾಲೆ. ಸುರುಳಿ ನಮ್ಮ ಹುಡುಗನ ಬಾಯಾಗ ಬಂತು, ಗೆದ್ದಾಂವ ಅಂವ. ಆದ್ರ ಹಲ್ಲ ಸುರುಳಿ ಬಿಡಲಿಲ್ಲ ನೋಡು, ಕೊನಿತನಕ ಕಚ್ಚಿ ಹಿಡಿದೈತಿ! ಹಂಗಾರ ಗೆದ್ದದ್ದು ಹಲ್ಲಲ್ಲೇನು? ಹೇಳ್ರಿ ಡಾಕ್ಟರವ್ವ, ಈ ಹಲ್ಲ ಯಾರದು?"

"ನಂದ್ರಿ" ಎಂದಳು ಕೈನಾತ. "ಹಲ್ಲೂ ನಂದ, ತಪ್ಪೂ ನಂದ. ಹುಡುಗಿದೇನೂ ಇಲ್ಲ, ಅಜ್ಜಿದೂ ಏನೂ ಇಲ್ಲ. ಲವಂಗದೆಣ್ಣಿ ಹಚ್ಚಿದ ಜಾಗಾದಾಗ ಈ ಅಂಟ ಹಿಡಿಯಂಗಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ಹಚ್ಚಿದೆ. ಮುಂಜಾನೆ ನೆನಪಾಗಿ ಹೇಳಾಕಂತನ ಓಡಿ ಬಂದೆ, ಬಂದು ಹೇಳಲಿಲ್ಲ. ಹೋಳಿಗಿ ಉಂಡೆ." ಇಷ್ಟು ಮಂದಿಯೆದುರು ಇಷ್ಟು ಸಣ್ಣವಳಾಗಿ ಅವಳು ಹಿಂದೆಂದೂ ನಿಂತಿರಲಿಲ್ಲ. ವಿಚಿತ್ರವೆಂದರೆ ಮುಂಜಾನೆಯಿಂದ ಎದೆಯ ಮೇಲಿದ್ದ ಭಾರ ಇಳಿದುಹೋಗಿ, ನೆಗಡಿಯ ಮೂಗಿನಲ್ಲೂ ಗಾಳಿ ಸರಾಗವಾಗಿ ಆಡತೊಡಗಿತು.

"ಅಷ್ಟೇನು?" ಎಂದಳು ಹನಮಂತವ್ವ. "ನಾ ಏನೋ ಅಂದ್ಕೊಂಡೆ. ನನ್ನ ಬಾಯಾಗ ನಾಕ ಹಲ್ಲ ಇಲ್ಲ, ಮನ್ಯಾಗ ನನ್ನದ ನಡೀತೈತಿ. ಈಗ ಹಚ್ಚಾಕ ಬರ್ತೈತೇನ ಹೇಳ್ರಿ."

"ಬರ್ತೈತ್ರಿ."

ಮನೆಯೊಳಗೆ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿದರು. ಹಿಂದಕ್ಕೆ ಒರಗಲು ಹೊನ್ನೇಶನೇ ಕುರ್ಚಿಯ ಬೆನ್ನು ಹಿಡಿದು ನಿಂತ. ಬೇರಿನೊಳಗೆ ಮೆತ್ತಿದ್ದ ಹಳೆಯ ಲೇಪ, ಅರೆಬರೆ ಗಟ್ಟಿಯಾದ ಅಂಟು ಎರಡನ್ನೂ ಕೈನಾತ ಸಣ್ಣ ಅರದಿಂದ ಕೆರೆದು ತೆಗೆದಳು, ಸ್ಪಿರಿಟಿನಲ್ಲಿ ತೊಳೆದಳು, ಒಣಗಿಸಿದಳು, ಮತ್ತೆ ತೊಳೆದಳು. ಕಡ್ಡಿಯನ್ನೂ ಹಾಗೆಯೇ ಉಜ್ಜಿದಳು. ಸುತ್ತ ನಿಂತ ಹೆಂಗಸರಿಗೆ ಪ್ರತಿಯೊಂದನ್ನೂ ಹೇಳಬೇಕಿತ್ತು. ಹೇಳುತ್ತ ಹೇಳುತ್ತ ಅವಳಿಗೆ ಅಚ್ಚರಿಯಾಯಿತು, ಇಷ್ಟು ದಿನ ತನ್ನ ದವಾಖಾನೆಯಲ್ಲಿ ಯಾರಿಗೂ ಹೀಗೆ ಬಿಡಿಸಿ ಹೇಳಿರಲೇ ಇಲ್ಲ. ಹುಚ್ಚವ್ವ ಸೆರಗು ಸರಿಸಿ ಮೆಲ್ಲಗೆ ಹತ್ತಿರ ಬಂದು ಹೊಸ ಅಂಟನ್ನು ಮೂಸಿದಳು. "ಏನೂ ವಾಸನಿ ಇಲ್ಲಲ್ಲವ್ವ" ಎಂದಳು.

"ಇಲ್ಲ ಅಜ್ಜಿ. ಅದಕ್ಕ ಹಿಡೀತೈತಿ."

ಹುಚ್ಚವ್ವ ಇನ್ನೊಮ್ಮೆ ಮೂಸಿ ನೋಡಿದಳು. "ಹಂಗಾರ ಆತು" ಎಂದಳು. ನೀಲಿ ದೀಪ ಹೊತ್ತಿದಾಗ ಎಲ್ಲರೂ ಆರತಿ ನೋಡುವವರಂತೆ ಕತ್ತು ಚಾಚಿದರು. ಇವತ್ತೊಂದು ದಿನ ಆ ಹಲ್ಲಿನಿಂದ ಏನೂ ಕಚ್ಚಬಾರದು ಎಂದಾಗ ಹನಮಂತವ್ವನಿಗೆ ಅಸಮಾಧಾನವಾಯಿತು, ಆಟ ಇತ್ಯರ್ಥವಾಗಿಲ್ಲವಲ್ಲ. "ನಾಳೆ ಮುಂಜಾನೆ ಮತ್ತ ಆಡೂದು" ಎಂದು ತೀರ್ಪು ಕೊಟ್ಟಳು. "ಡಾಕ್ಟರವ್ವ ಇಲ್ಲೇ ಇರ್ಲಿ. ಬಿದ್ರ ಮತ್ತ ಹಚ್ಚಾಕ ಬೇಕಲ್ಲ." ಆಮೇಲೆ ಸಂಜೆಯವರೆಗೂ ಕೈನಾತಳಿಗೆ ಪುರುಸೊತ್ತಿಲ್ಲ. ಬೀಗರು, ಅಡಿಗೆಯವರು, ಬ್ಯಾಂಡಿನವರು ಎಲ್ಲರೂ ಸರದಿಯಲ್ಲಿ ಬಂದು ಬಾಯಿ ತೆರೆದು ಆ ಅಂದರು. ಬ್ಯಾಂಡಿನವನೊಬ್ಬನ ಹುಳುಕು ಹಲ್ಲು ನೋಡಿ, ಉಳಿಯಲಿಕ್ಕಿಲ್ಲ, ಪ್ರಯತ್ನ ಮಾಡಿ ನೋಡೋಣ ಅಂದಳು. ಅವನು ಬೇಸರಪಡಲಿಲ್ಲ, ಯಾವತ್ತು ಬರಲಿ ಎಂದು ಕೇಳಿದ. ನಾಳೆ ಬರುತ್ತೇನೆಂದು ಕೈನಾತ ಮನೆಗೆ ಫೋನು ಮಾಡಿದರೆ ಅಮ್ಮಿ, "ಹಲ್ಲ ಬಿತ್ತೇನು?" ಎಂದಳು. "ಬಿತ್ತು ಅಮ್ಮಿ" ಎಂದು ಇವಳು ಹೇಳಿದ್ದು ಎಷ್ಟು ಖುಷಿಯ ದನಿಯಲ್ಲಿತ್ತೆಂದರೆ, ಮಗಳಿಗೆ ಜ್ವರ ಏರಿದೆಯೋ ಏನೋ ಎಂದು ಅಮ್ಮಿಗೆ ಅನುಮಾನ ಬಂತು.

ಮರುದಿನ ಮುಂಜಾನೆ ಹೊಸ ಸುರುಳಿ ಬಂತು. ರಾತ್ರಿ ಉಳಿದ ಬೀಗರಷ್ಟೇ ಸಾಲದೆಂದು ಓಣಿಯವರೂ ಬಂದು ಸೇರಿದ್ದರು. ಚನ್ನಮ್ಮ ಅದೇ ಹಲ್ಲಿನಲ್ಲಿ ಕಚ್ಚಿ ಹಿಡಿದು, ಹುಬ್ಬು ಕುಣಿಸಿ ಗಂಡನನ್ನು ಕರೆದಳು. ಹೊನ್ನೇಶ ಹಿಂದಿನ ದಿನದ ಹುಷಾರಿನಲ್ಲಿ ಮೆಲ್ಲಗೆ ಜಗ್ಗಿದ, ಬರಲಿಲ್ಲ, ಜೋರಾಗಿ ಜಗ್ಗಿದ. ಚನ್ನಮ್ಮನ ಕೊರಳಿನ ನರ ಉಬ್ಬಿತು. ಹಲ್ಲು ನಿಲ್ಲುತ್ತದೆಯೋ ಬೀಳುತ್ತದೆಯೋ ಕೈನಾತಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಈಗ ಇಲ್ಲಿರುವ ಎಲ್ಲರೂ ಬಲ್ಲರು, ಚನ್ನಮ್ಮನೂ ಬಲ್ಲಳು, ಬಲ್ಲವಳೇ ಕಚ್ಚಿದ್ದಾಳೆ. ಯಾರೋ ಹೆಣ್ಣುಮಗಳು ಗಂಟಲು ಹರಿಯುವಂತೆ ಕೂಗುವುದು ಕೇಳಿಸಿತು: "ಬಿಡಬ್ಯಾಡ ಚನ್ನವ್ವ! ಕಚ್ಚು, ಇನ್ನೂ ಗಟ್ಟಿ ಕಚ್ಚು!" ಪಕ್ಕದಲ್ಲಿದ್ದ ಹುಚ್ಚವ್ವ ತಿರುಗಿ ನೋಡಿದ ಮೇಲೆಯೇ ಕೈನಾತಳಿಗೆ ಅದು ತನ್ನ ದನಿಯೆಂದು ಗೊತ್ತಾದದ್ದು. ಆದರೂ ನಿಲ್ಲಿಸಲಿಲ್ಲ, ಎದ್ದು ನಿಂತು ಕೂಗಿದಳು. ಹೊನ್ನೇಶ ಹಿಂದಕ್ಕೆ ಬಿದ್ದ. ಅವನ ಬಾಯಲ್ಲಿ ಎಲೆಯ ತೊಟ್ಟೊಂದೇ ಉಳಿದಿತ್ತು.